ಹನ್ನೆರಡನೆಯ ವಿಧಿಯೂ ನಮ್ಮ ಗೇಟಿನ ಬೀಗವೂ

ಜಯನಗರದ ನಮ್ಮ ಅಪಾರ್ಟ್‌ಮೆಂಟಿನ ಕಾರ್ಯದರ್ಶಿಗಳಿಗೆ ಮಾನವ ಹಕ್ಕುಗಳ ಜ್ಞಾನೋದಯವಾದದ್ದು ಕೋವಿಡ್‌ನ ಎರಡನೆಯ ಅಲೆಯ ನಡುವೆ, 2021ರ ಮೇ ಮೊದಲ ವಾರದಲ್ಲಿ. ಅಜ್ಜಿಯ ಅಂತ್ಯಕ್ರಿಯೆಗೆಂದು ವಿಶೇಷ ಅನುಮತಿ ಪಡೆದು ಬಂದಿದ್ದ ಅವರ ಮಗ ಆಸ್ಟ್ರೇಲಿಯಾದ ಪ್ರಜೆ. ಹಿಂದಿನ ಹದಿನಾಲ್ಕು ದಿನಗಳಲ್ಲಿ ಭಾರತದಲ್ಲಿದ್ದವರು ಮೇ 3ರಿಂದ 15ರ ನಡುವೆ ಕಾಲಿಟ್ಟರೆ, ಅವರು ತನ್ನ ಪ್ರಜೆಗಳೇ ಆಗಿದ್ದರೂ, 5 ವರ್ಷದವರೆಗೆ ಜೈಲು ಅಥವಾ 66,600 ಡಾಲರ್ ದಂಡವೆಂದು ಆ ದೇಶ ಸಾರಿತ್ತು. ಬೆಂಗಳೂರಿನಲ್ಲೇ ಸಿಕ್ಕಿಕೊಂಡಿದ್ದ ಹಿರಿಯರೊಬ್ಬರು ಅಲ್ಲಿನ ಫೆಡರಲ್ ಕೋರ್ಟಿನ ಮೆಟ್ಟಿಲೇರಿದರೂ ಆ ನಿಷೇಧಕ್ಕೆ ಆಧಾರವಾಗಿದ್ದ ಜೈವಿಕ ಸುರಕ್ಷತಾ ಕಾಯ್ದೆಯೇ ಗೆದ್ದಿತು.

ಕಾರ್ಯದರ್ಶಿಗಳು ಕೆರಳಿದರು. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 12ನೆಯ ವಿಧಿಯನ್ನು ಮುದ್ರಿಸಿ, ಸ್ವಂತ ದೇಶವನ್ನು ಪ್ರವೇಶಿಸುವ ಹಕ್ಕನ್ನು ಯಾರಿಂದಲೂ ಮನಸ್ಸಿಗೆ ಬಂದಂತೆ ಕಸಿಯಲಾಗದೆನ್ನುವ 4ನೆಯ ಉಪವಿಧಿಗೆ ಹಳದಿ ಬಳಿದು, ಲಿಫ್ಟಿನ ಪಕ್ಕದ ಫಲಕಕ್ಕೆ ಅಂಟಿಸಿದರು. ಭಾರತ 1979ರಲ್ಲಿ, ಆಸ್ಟ್ರೇಲಿಯಾ 1980ರಲ್ಲಿ ಒಪ್ಪಿಕೊಂಡ ಮಾತಿದು ಎಂದು ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಪಾಠವೂ ಆಯಿತು.

ಹಿಂದಿನ ವರ್ಷ ಇವರ ಪ್ರೀತಿಯೆಲ್ಲ 3ನೆಯ ಉಪವಿಧಿಯ ಮೇಲಿತ್ತು. ಸಾರ್ವಜನಿಕ ಆರೋಗ್ಯಕ್ಕೆ ಅಗತ್ಯವಾದರೆ ಸಂಚಾರವನ್ನು ನಿರ್ಬಂಧಿಸಬಹುದೆನ್ನುವ ಅದನ್ನು ಅವರು ಓದಿರಲಿಲ್ಲ, ಆದರೆ ಚಾಚೂ ತಪ್ಪದೆ ಪಾಲಿಸಿದ್ದರು. ತಲಪಾಡಿಯ ಗಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಕಾಸರಗೋಡಿನ ರೋಗಿಗಳಿಗೆ ಮಂಗಳೂರಿನ ಆಸ್ಪತ್ರೆಗಳನ್ನು ದೂರವಾಗಿಸಿದಾಗ, 'ದಿಟ್ಟ ಕ್ರಮ' ಎಂದು ವಾಟ್ಸ್‌ಆ್ಯಪ್‌ನಲ್ಲಿ ಚಪ್ಪಾಳೆ ತಟ್ಟಿದ್ದರು. ಮೇ 5ರಂದು ಮುಖ್ಯಮಂತ್ರಿಗಳೊಡನೆ ಬಿಲ್ಡರ್‌ಗಳ ಸಭೆಯಾದ ಬೆನ್ನಿಗೇ ವಲಸೆ ಕಾರ್ಮಿಕರ ರೈಲುಗಳನ್ನು ಸರ್ಕಾರ ಬೇಡವೆಂದಾಗಲಂತೂ (ಛೀಮಾರಿ ಬಿದ್ದ ಮೇಲೆ ಮತ್ತೆ ಬೇಕೆಂದಿತು) ಇವರಿಗೆ ಒಳಗೊಳಗೇ ನೆಮ್ಮದಿಯಾಗಿತ್ತು. ಎದುರಿನ ಸೈಟಿನಲ್ಲಿ ಇವರೇ ಮುಂಗಡ ಕೊಟ್ಟಿದ್ದ ಫ್ಲ್ಯಾಟಿನ ಸೆಂಟ್ರಿಂಗ್ ಅರ್ಧಕ್ಕೆ ನಿಂತಿತ್ತು. ಬಿಹಾರಕ್ಕೆ ಹೊರಟವನಿಗೂ ಒಂದು ಮನೆ ಇರಬಹುದೆಂಬುದು ಆಗ ಯಾವ ವಿಧಿಯಲ್ಲೂ ಅವರಿಗೆ ಕಾಣಿಸಿರಲಿಲ್ಲ.

ಮಗನ ವಿಚಾರದಲ್ಲಿ ಅವರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ನಾನೂ ಅವರ ಮನವಿಗೆ ಸಹಿ ಹಾಕಿದೆ. ಸಹಿ ಹಾಕುತ್ತಿರುವಾಗಲೇ ವಾಚ್‌ಮನ್ ಓಡಿ ಬಂದು, "ಸಾರ್, ಮೂರನೇ ಮಹಡಿ ಮನೆಗೆಲಸದಮ್ಮ ಗೇಟಿನ ಹತ್ರ ನಿಂತವ್ರೆ, ಬಿಡ್ಲಾ?" ಎಂದ.

"ಆರ್‌ಟಿ-ಪಿಸಿಆರ್ ರಿಪೋರ್ಟ್ ತರೋಕೆ ಹೇಳಪ್ಪ," ಎಂದವರೇ ಅದೇ ಅರ್ಥದ ಹೊಸ ಸೂಚನೆಯೊಂದನ್ನು ಫಲಕಕ್ಕೆ ಅಂಟಿಸಿದರು. ಜಾಗ ಸಾಲದ್ದರಿಂದ ಅದು ಒಡಂಬಡಿಕೆಯ ಮೇಲ್ಭಾಗಕ್ಕೆ ಬಂದು, ದೇಶದೊಳಗೆ ಎಲ್ಲರೂ ಮುಕ್ತವಾಗಿ ಸಂಚರಿಸಬಹುದೆನ್ನುವ 1ನೆಯ ಉಪವಿಧಿ ಮುಚ್ಚಿಹೋಯಿತು.