ನೌಕೆ ರೂಪಿಸಿದವರ ಹೆಸರೂ ಕಾರವಾರಕ್ಕೆ ತಿಳಿಯಲಿ

ಯುದ್ಧನೌಕೆಗಳ ವಿನ್ಯಾಸದಲ್ಲೇ ಸೇವೆ ಸವೆಸಿದ ನೌಕಾಪಡೆಯ ಅಧಿಕಾರಿಗಳ ಕುರಿತು ಪತ್ರಿಕೆಯಲ್ಲಿ ಬಂದ ಲೇಖನ ಓದಿ ತುಂಬಾ ಸಂತೋಷವಾಯಿತು. ಆದರೆ ಅದರಲ್ಲಿ 'ಗೋದಾವರಿ' ಯುದ್ಧನೌಕೆಗೆ ಒಂದೇ ಸಾಲು ಸಾಕಾಗಿತ್ತೇ?

1972ರ 'ನೀಲಗಿರಿ' ಬ್ರಿಟಿಷ್ ಲಿಯಾಂಡರ್ ವಿನ್ಯಾಸದ ನೌಕೆ. ಕ್ಯಾಪ್ಟನ್ ಮೋಹನ್ ರಾಮ್ ಅವರಂಥ ನೌಕಾ ವಿನ್ಯಾಸಕಾರರು ಅದೇ ಮೂವತ್ತು ಸಾವಿರ ಅಶ್ವಶಕ್ತಿಯ ಉಗಿಯಂತ್ರಗಳನ್ನು ಇಟ್ಟುಕೊಂಡು, 'ಗೋದಾವರಿ'ಗೆ ಇನ್ನೂ ದೊಡ್ಡ ಒಡಲನ್ನು ರೂಪಿಸಿದರು. ಅದರಲ್ಲಿ ಎರಡು ಸೀ ಕಿಂಗ್ ಹೆಲಿಕಾಪ್ಟರ್‌ಗಳಿಗೆ ಜಾಗ ಮಾಡಿದರು, ರಷ್ಯಾದ ಕ್ಷಿಪಣಿಗಳನ್ನೂ ಪಾಶ್ಚಾತ್ಯ ಉಪಕರಣಗಳನ್ನೂ ಒಂದೇ ನೌಕೆಯಲ್ಲಿ ಹೊಂದಿಸಿದರು. 1983ರಲ್ಲಿ ಅದು ಸೇವೆಗೆ ಸೇರಿತು. ಬೇರೆ ಬೇರೆ ದೇಶಗಳ ವ್ಯವಸ್ಥೆಗಳು ಒಂದಕ್ಕೊಂದು ಮಾತನಾಡುವಂತೆ ಮಾಡುವುದು ಸಣ್ಣ ಕೆಲಸವಲ್ಲ. 2022ರ ವಿಮಾನವಾಹಕ ನೌಕೆ 'ವಿಕ್ರಾಂತ್' ಆ ಧೈರ್ಯದ ಮುಂದುವರಿಕೆ ಎಂದೇ ನನ್ನ ನಂಬಿಕೆ.

ನಮ್ಮ ಕಾರವಾರದ ನೌಕಾನೆಲೆಯ ಸೀಬರ್ಡ್ ಯೋಜನೆಗೆ ಅರ್ಗಾ, ಬಿಣಗಾ ಕಡೆಯ ಜನ ನೆಲ ಬಿಟ್ಟುಕೊಟ್ಟರು. ಅವರ ಮೊಮ್ಮಕ್ಕಳು ನೌಕಾನೆಲೆಯಲ್ಲಿ ಗುತ್ತಿಗೆ ಕೆಲಸದ ಕನಸನ್ನಷ್ಟೇ ಕಾಣಬೇಕೇ? ಕೊಚ್ಚಿಯ ವಿಶ್ವವಿದ್ಯಾಲಯದಲ್ಲಿ, ಮದ್ರಾಸ್ ಮತ್ತು ಖರಗಪುರದ ಐಐಟಿಗಳಲ್ಲಿ ನೌಕಾ ವಾಸ್ತುಶಿಲ್ಪದ, ಅಂದರೆ ಹಡಗು ವಿನ್ಯಾಸದ, ಪದವಿ ಇದೆ. ಅದನ್ನು ಓದಿದವರು ನೌಕಾಪಡೆಯ ವಿನ್ಯಾಸ ವಿಭಾಗಕ್ಕೆ ಅರ್ಜಿ ಹಾಕಬಹುದು. ನಮ್ಮ ಪದವಿಪೂರ್ವ ಕಾಲೇಜುಗಳ ವಿಜ್ಞಾನ ಶಿಕ್ಷಕರು ದಯವಿಟ್ಟು ಇದನ್ನು ಮಕ್ಕಳಿಗೆ ಹೇಳಿ. ಕಡಲತೀರದ 'ಚಪಲ್' ಯುದ್ಧನೌಕೆ ವಸ್ತುಸಂಗ್ರಹಾಲಯಕ್ಕೆ ಅವರನ್ನು ಕರೆದೊಯ್ದಾಗ, ಅಲ್ಲಿಯೇ ನೌಕೆಯ ಒಡಲನ್ನು ತೋರಿಸಿ ವಿವರಿಸಿ.