ಯಾರಿಗೂ ಗೊತ್ತಿಲ್ಲದ ಬಂಡೆಗೆ ಸರತಿ ಸಾಲು

ಕರಾವಳಿಯ ಒಂದು ಊರಿನಿಂದ ಅರ್ಧ ಗಂಟೆ ನಡೆದರೆ ಕಡಲಿನೊಳಗೆ ಮೂಗು ಚಾಚಿ ಕುಳಿತ ಕಲ್ಲುಗುಡ್ಡವೊಂದು ಸಿಗುತ್ತದೆಂದೂ, ಅಲ್ಲಿ ಅಲೆಯ ಮೊರೆತದ ಹೊರತು ಬೇರಾವ ಸದ್ದೂ ಇಲ್ಲವೆಂದೂ, ಈ ಜಾಗ ಇನ್ನೂ ಯಾರಿಗೂ ಗೊತ್ತಿಲ್ಲವೆಂದೂ ಸಾರುವ ಮೂವತ್ತು ಸೆಕೆಂಡಿನ ವಿಡಿಯೊ ಒಂದೇ ವಾರದಲ್ಲಿ ನನಗೆ ಏಳು ಜನರಿಂದ ಬಂತು. ಏಳನೆಯದನ್ನು ಕಳಿಸಿದವರು ನಮ್ಮ ಮನೆಗೆ ಹಾಲು ಹಾಕುವವರು. ಯಾರಿಗೂ ಗೊತ್ತಿಲ್ಲದ ಜಾಗ ಬಳ್ಳಾರಿಯ ಕೌಲ್ ಬಜಾರಿನ ತುಂಬ ಗೊತ್ತಿರುವಾಗ ನಾನೊಬ್ಬ ಅಜ್ಞಾನಿಯಾಗಿ ಉಳಿಯುವುದು ಶೋಭಿಸದೆಂದು ನವೆಂಬರಿನ ಒಂದು ಶುಕ್ರವಾರ ರಾತ್ರಿ ಹೊರಟೆ. ಆ ಊರಿನ ಹೆಸರನ್ನು ಹೇಳುವುದಿಲ್ಲ. ಹೇಳುವ ಅಗತ್ಯವೂ ಇಲ್ಲ, ನಿಮ್ಮ ಮೊಬೈಲಿಗೂ ಈಗಾಗಲೇ ಬಂದಿರುತ್ತದೆ.

ಹೊರಡುವಾಗ ಮನೆಯಾಕೆ ಕೇಳಿದ ಒಂದು ಪ್ರಶ್ನೆಗೆ ನನ್ನಲ್ಲಿ ಇಂದಿಗೂ ಉತ್ತರವಿಲ್ಲ. 'ಕಲ್ಲು ನೋಡಾಕ ಅಷ್ಟು ದೂರ ಯಾಕ ಹೋಗ್ತೀರಿ, ಮಾಳಿಗಿ ಹತ್ರಿ.' ಮಾಳಿಗೆ ಹತ್ತಿದರೆ ಒಂದು ಕಡೆ ಕೋಟೆಯನ್ನು ತಲೆಯ ಮೇಲೆ ಹೊತ್ತ ಬಳ್ಳಾರಿ ಗುಡ್ಡ, ಇನ್ನೊಂದು ಕಡೆ ಮನುಷ್ಯನ ಮೋರೆಯಂತೆ ಮಲಗಿದ ಕುಂಬಾರ ಗುಡ್ಡ. ಇನ್ನು ಹಂಪಿ, ಆನೆಗೊಂದಿ, ಸಾಣಾಪುರದ ಕಡೆ ಹೋದರೆ ಒಂದರ ಮೇಲೊಂದು ಪೇರಿಸಿಟ್ಟ ಗುಂಡುಗಳು. ಸುಮಾರು 250 ಕೋಟಿ ವರ್ಷ ವಯಸ್ಸಿನ ಈ ಗ್ರಾನೈಟು ಬಿಸಿಲಿಗೆ ಬಿರಿದು, ಮಳೆಗೆ ಸವೆದು, ಈಗ ಬೀಳುತ್ತದೋ ಆಗ ಬೀಳುತ್ತದೋ ಎಂಬಂತೆ ನಿಂತಿದ್ದರೂ ಬೀಳದೆ ನಿಂತಿದೆ. ಇಂಥ ಸೀಮೆಯಲ್ಲಿ ಹುಟ್ಟಿ, ಬೇಸಿಗೆಯಲ್ಲಿ ಬಂಡೆಯ ಕಾವಿಗೆ ರಾತ್ರಿಯೆಲ್ಲ ಹೊರಳಾಡಿ ಬೆಳೆದವನು ಬಂಡೆ ನೋಡಲು 350 ಕಿ.ಮೀ. ಆಸುಪಾಸು ಬಸ್ಸಿನಲ್ಲಿ ಕುಳಿತು ಹೋಗುತ್ತಾನೆಂದರೆ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಗೆ ಅವನೇ ಸಾಕ್ಷಿ.

ಬೆಳಗ್ಗೆ ಏಳಕ್ಕೆ ತಲುಪಿದಾಗ ಶಾಂತಿಯನ್ನು ಅರಸಿ ಬಂದವರ ವಾಹನಗಳು ಗೇರುಮರಗಳ ನಡುವೆ ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು, ಮತ್ತು ನನಗಿಂತ ಮೊದಲು ಬಂದವರೆಲ್ಲ ಹಾರ್ನ್ ಹೊಡೆಯುತ್ತಿದ್ದರು. ಗುಡ್ಡದ ತುದಿಯಲ್ಲಿ ಇಬ್ಬರು ಕೂರಬಹುದಾದಷ್ಟು ಚಪ್ಪಟೆ ಜಾಗವಿದೆ. ವಿಡಿಯೊದಲ್ಲಿ ಒಬ್ಬ ಯುವಕ ಕಡಲಿಗೆ ಮುಖ, ಜಗತ್ತಿಗೆ ಬೆನ್ನು ಮಾಡಿ ಒಂಟಿಯಾಗಿ ಕುಳಿತದ್ದು ಅಲ್ಲೇ. ಹಾಗೆ ಒಂಟಿಯಾಗಿ ಕೂರಲು ನನ್ನ ಮುಂದೆ ನಲವತ್ತು ಜನರ ಸಾಲಿತ್ತು. ಸಾಲಿನಲ್ಲಿದ್ದವರು ತೀರಾ ಶಿಸ್ತಿನವರು; ಒಬ್ಬ ಏಕಾಂತ ಅನುಭವಿಸಿ ಎದ್ದೊಡನೆ ಮುಂದಿನವನು ತನ್ನ ಚೀಲ, ಚಪ್ಪಲಿ, ಹೆಂಡತಿಯನ್ನು ಪಕ್ಕದವರಿಗೆ ಒಪ್ಪಿಸಿ ಓಡಿಹೋಗಿ ಕುಳಿತು ದಿಗಂತವನ್ನು ನೋಡತೊಡಗುತ್ತಿದ್ದ. ಯಾರಾದರೂ ಎರಡು ನಿಮಿಷಕ್ಕಿಂತ ಹೆಚ್ಚು ಧ್ಯಾನಿಸಿದರೆ ಹಿಂದಿನಿಂದ 'ಸಾಕು ಏಳ್ರೀ' ಎಂಬ ಕೂಗು. ತಲೆಯ ಮೇಲೆ ಡ್ರೋನೊಂದು ಕಣಜದಂತೆ ಗುಂಯ್‌ಗುಡುತ್ತಿತ್ತು. ಅದರ ಸದ್ದನ್ನು ಆಮೇಲೆ ಅಳಿಸಿ ಕೊಳಲಿನ ಸಂಗೀತ ಹಾಕುತ್ತಾರಂತೆ. ಹಾರಿಸುತ್ತಿದ್ದವರೇ ಬಹಳ ಸೌಜನ್ಯದಿಂದ ವಿವರಿಸಿದರು.

ನನ್ನ ಸರದಿ ಬರುವ ತನಕ ಕೆಳಗೆ ಅಲೆಯ ಮೇಲೆ ಹಲಗೆ ಹಿಡಿದು ಕಾಯುತ್ತಿದ್ದ ಮೂವರು ಹುಡುಗರನ್ನು ನೋಡಿದೆ, ಮತ್ತು ಇಡೀ ಪ್ರವಾಸದಲ್ಲಿ ಕೊಟ್ಟ ಬಸ್ ಚಾರ್ಜಿಗೆ ಬೆಲೆ ಸಿಕ್ಕಿದ್ದು ಅಲ್ಲಿಯೇ ಎಂದು ಒಪ್ಪಿಕೊಳ್ಳಬೇಕು. ಆಳ ಕಡಿಮೆಯಾದಂತೆ ಅಲೆಯ ವೇಗ ತಗ್ಗುತ್ತದೆ. ಭೂಶಿರದ ಸುತ್ತ ನೀರಿನಡಿಯ ನೆಲ ಬೇಗನೆ ಮೇಲೇಳುವುದರಿಂದ ನೇರವಾಗಿ ಬರುತ್ತಿದ್ದ ಅಲೆಯ ಒಂದು ತುದಿ ಅಲ್ಲಿ ಎಡವಿ ನಿಧಾನವಾಗಿ, ಉಳಿದ ಭಾಗ ಮುಂದೆ ಸಾಗಿ, ಇಡೀ ಅಲೆ ಬಂಡೆಯನ್ನು ತಬ್ಬಿಕೊಳ್ಳುವಂತೆ ಬಾಗುತ್ತದೆ. ಹಾಗೆ ಬಾಗಿದ ಅಲೆ ಒಮ್ಮೆಲೇ ಕುಸಿಯದೆ ಒಂದು ಬದಿಯಿಂದ ಇನ್ನೊಂದು ಬದಿಗೆ ಸೀರೆಯ ಅಂಚು ಮಡಚಿದಂತೆ ಮಡಚಿಕೊಳ್ಳುತ್ತ ಹೋಗುತ್ತದೆ; ಸರ್ಫಿಂಗಿನವರಿಗೆ ಬೇಕಾದದ್ದು ಆ ಮಡಿಕೆ. ಮೂಲ್ಕಿಯಲ್ಲಿ ಈ ಆಟ ಬೇರೂರಿ ಇಪ್ಪತ್ತು ವರ್ಷಗಳಾಗಿವೆ, 2022 ಮತ್ತು 2023ರಲ್ಲಿ ಪಣಂಬೂರಿನಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಯೂ ನಡೆದಿದೆ. ಈ ಹುಡುಗರು ಮಾತ್ರ ಯಾರ ಸ್ಪರ್ಧೆಗೂ ಬಂದವರಲ್ಲ. ಹತ್ತು ಅಲೆಗಳನ್ನು ಹೋಗಬಿಟ್ಟು ಹನ್ನೊಂದನೆಯದಕ್ಕೆ ಏಳುತ್ತಿದ್ದರು. ನೂರು ಜನರ ಆ ಗುಡ್ಡದಲ್ಲಿ ನಿಜವಾಗಿ ಸುಮ್ಮನಿದ್ದವರು ಅವರು ಮೂವರೇ. ಬಂಡೆಯ ಮಗ್ಗುಲಿನಲ್ಲೇ ಒಳಗೆ ಎಳೆಯುವ ಸೆಳವು ಇರುತ್ತದಾದ್ದರಿಂದ ಕಾವಲಿನ ಹುಡುಗನೊಬ್ಬ ಬಿಡದೆ ಸೀಟಿ ಊದುತ್ತಿದ್ದ. ಅವನನ್ನು ಬೈಯಲಾರೆ, ಅಲ್ಲಿ ದುಡಿದು ಉಣ್ಣುತ್ತಿದ್ದವನು ಅವನೊಬ್ಬನೇ. ಸರ್ಫಿಂಗ್ ಹುಡುಗ ಬಿದ್ದಾಗಲೆಲ್ಲ ಮೇಲಿನವರು ಚಪ್ಪಾಳೆ ತಟ್ಟುತ್ತಿದ್ದರು.

ಇನ್ನು ಅಭಿವೃದ್ಧಿಯ ವಿಚಾರ. ಇಷ್ಟು ಜನ ಶಾಂತಿಗಾಗಿ ಬರುತ್ತಿರುವುದನ್ನು ಯಾರೋ ಪುಣ್ಯಾತ್ಮರು ಗಮನಿಸಿ, ಶಾಂತಿಗೆ ಮೂಲಸೌಕರ್ಯದ ಕೊರತೆ ಇರುವುದನ್ನು ಮನಗಂಡು, ಬಂಡೆಯ ನೆತ್ತಿಗೆ ಡ್ರಿಲ್ ಹೊಡೆದು ಕಬ್ಬಿಣದ ಕಟಕಟೆ ನೆಟ್ಟಿದ್ದಾರೆ. ಅದಕ್ಕೆ ಕಡಲಿನ ಬಣ್ಣವೇ ಇರಲೆಂದು ನೀಲಿ ಬಳಿದಿದ್ದಾರೆ, ಹಿಂದಿರುವ ಕಡಲು ಕಾಣಿಸುವುದಿಲ್ಲವೆಂಬ ಚಿಂತೆ ಅವರಿಗೂ ಇದ್ದಿರಬೇಕು. ಪಕ್ಕದಲ್ಲಿ ಆಳೆತ್ತರದ ಕೆಂಪು ಹೃದಯ, ಅದರ ಮುಂದೆ ಊರಿನ ಹೆಸರು, ಕೆಳಗೆ ಸೆಲ್ಫಿ ಪಾಯಿಂಟ್ ಎಂಬ ಫಲಕ, ಅದರ ಕಂಬಕ್ಕೇ ಸೆಲ್ಫಿ ತೆಗೆಯುವುದು ಅಪಾಯವೆಂಬ ಎರಡನೆಯ ಫಲಕ. ಎರಡೂ ಒಂದೇ ಅಕ್ಷರದಲ್ಲಿವೆ, ಬಹುಶಃ ಒಂದೇ ಟೆಂಡರಿನವು. ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಶಾಲೆಯಲ್ಲಿ ಕಲಿತ ನಮ್ಮಂಥವರು ಇದನ್ನು ದಡ್ಡತನವೆಂದುಕೊಳ್ಳುತ್ತೇವೆ. ತುಕ್ಕು ಹಿಡಿಯದ ಕಟಕಟೆಗೆ ಎರಡನೆಯ ಬಿಲ್ಲು ಎಲ್ಲಿಂದ ಬರಬೇಕು? ಒಂದು ಕಂಬದ ಬಣ್ಣ ಹಲ್ಲಿಯ ಚರ್ಮದಂತೆ ಸುಲಿದು ನಿಂತಿತ್ತು. ಮುಟ್ಟಿದರೆ ಕಬ್ಬಿಣವು ಹಪ್ಪಳದಂತೆ ಪದರ ಪದರವಾಗಿ ಅಂಗೈಗೆ ಬಂತು, ಕಂಬದ ಬುಡದ ಸೀಳಿನಲ್ಲಿ ಚಿಪ್ಸ್ ಪೊಟ್ಟಣವೊಂದನ್ನು ಎರಡು ಏಡಿಗಳು ಎರಡು ಕಡೆಯಿಂದ ಎಳೆಯುತ್ತಿದ್ದವು.

ಆ ಅಂಗೈಯನ್ನು ನೋಡುತ್ತ ನಿಂತಾಗ ನಗು ನಿಂತುಹೋಯಿತು. ಆ ಕೆಂಪು ನನಗೆ ಗೊತ್ತಿರುವ ಕೆಂಪು. ನಾನು ಬಂದ ದಾರಿಯೂ ಅದರದೇ ದಾರಿ: ಹೊಸಪೇಟೆ, ಕೊಪ್ಪಳ, ಗದಗ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಚೀನಾಕ್ಕೆ ಅದಿರಿನ ಹಸಿವು ಹುಟ್ಟಿದ ವರ್ಷಗಳಲ್ಲಿ ಸಂಡೂರಿನ ಗುಡ್ಡಗಳು ಇದೇ ದಾರಿಯಲ್ಲಿ ಲಾರಿ ಹತ್ತಿ ಬೇಲೆಕೇರಿ ಬಂದರಿಗೆ ಬಂದು ಹಡಗು ಹತ್ತಿದವು. 2010ರಲ್ಲಿ ಅದೇ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಲಕ್ಷಾಂತರ ಟನ್ ಅದಿರು ಕಾವಲಿದ್ದಂತೆಯೇ ಮಾಯವಾಯಿತು. 2011ರ ಜುಲೈಯಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು, ಆಮೇಲೆ ಮತ್ತೆ ಶುರುವಾಯಿತು. 2024ರ ಅಕ್ಟೋಬರಿನಲ್ಲಿ ಬೇಲೆಕೇರಿ ಪ್ರಕರಣದಲ್ಲಿ ಶಿಕ್ಷೆಯಾಯಿತು, ನವೆಂಬರಿನಲ್ಲಿ ಹೈಕೋರ್ಟ್ ಆ ಶಿಕ್ಷೆಯನ್ನು ಅಮಾನತಿನಲ್ಲಿಟ್ಟಿತು. ಇದೆಲ್ಲ ನಿಮಗೆ ಗೊತ್ತು. ಬರೆಯಲು ನನಗೂ ಬೇಸರ. ಮನೆಯ ಮುಂದಿನ ಗುಡ್ಡ ಹೋಗುವಾಗ ಕಿಟಕಿ ಮುಚ್ಚಿ ಧೂಳು ಒರೆಸಿಕೊಂಡು ಕುಳಿತ ನಾವು, ಈಗ ಇನ್ನೊಬ್ಬರ ಊರಿನ ಗುಡ್ಡದ ಮೇಲೆ ಶಾಂತಿಗೆ ಪಾಳಿ ಹಚ್ಚುತ್ತೇವೆ, ಮತ್ತು ನಾವು ಬಂದೆವೆಂಬ ಕಾರಣಕ್ಕೇ ಅದರ ನೆತ್ತಿಗೂ ಡ್ರಿಲ್ ಬೀಳುತ್ತದೆ. ಸಾಣಾಪುರದಲ್ಲಿ ನಡೆಯುತ್ತಿರುವುದೂ ಇದೇ. ಅಲ್ಲಿಗೆ ಬೆಂಗಳೂರಿನವರು, ಹೈದರಾಬಾದಿನವರು ಬರುತ್ತಾರೆ. ನಾವು ಇಲ್ಲಿಗೆ ಬರುತ್ತೇವೆ.

ನನ್ನ ಸರದಿ ಬಂದಾಗ ಹನ್ನೊಂದಾಗಿತ್ತು. ಬಂಡೆ ಕಾದಿತ್ತು, ಥೇಟ್ ನಮ್ಮೂರಿನಂತೆ. ಅರ್ಧ ನಿಮಿಷ ಕುಳಿತು ಎದ್ದೆ. ಹಿಂದಿನವರು ಮೆಚ್ಚಿದರು.

ಕಟಕಟೆಗೆ ಒರಗಿ ನಿಂತದ್ದರಿಂದ ಬಿಳಿ ಅಂಗಿಯ ಬೆನ್ನಿಗೆ ಅಡ್ಡಲಾಗಿ ಎರಡು ಕೆಂಪು ಪಟ್ಟಿ ಬಿದ್ದಿದ್ದು ಬಳ್ಳಾರಿಗೆ ಬಂದ ಮೇಲೆ ಗೊತ್ತಾಯಿತು. ಇಸ್ತ್ರಿಯವನು ಅಂಗಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿ, ಮೂಗಿನ ಹತ್ತಿರ ತಂದು ಒಮ್ಮೆ ಮೂಸಿ ಕೇಳಿದ:

'ಸಂಡೂರಿಗೆ ಹೋಗಿದ್ರೇನ್ರೀ?'