ಪುಸ್ತಕದಲ್ಲಿ ಹೀಗಿಲ್ಲ, ಚಿಕ್ಕಮ್ಮ!

ಪುಸ್ತಕ ಓದಿದವರ ಪಕ್ಕ ಕೂತು ಆ ಪುಸ್ತಕದ ಸಿನಿಮಾ ನೋಡುವ ಕಷ್ಟ ಯಾರಿಗೂ ಬೇಡ. ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಮೊನ್ನೆ ಭಾನುವಾರದ ಸಿಟ್ಟು ಇನ್ನೂ ಇಳಿದಿಲ್ಲ. ವಾರಪೂರ್ತಿ ಆಫೀಸು, ಅಡುಗೆ, ನೀರು ಬಿಡುವ ಹೊತ್ತು ಅಂತ ಓಡಾಡಿ, ಒಂದು ಮಧ್ಯಾಹ್ನ ಕಾಲು ಚಾಚಿ ಟಿ.ವಿ. ಮುಂದೆ ಕೂರೋಣ ಅಂದುಕೊಂಡರೆ ಹೀಗಾಗಬೇಕೆ?

ಹಾಸನದಲ್ಲಿ ಮನೆ ಮಾಡಿಕೊಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿ ಬಾಗಿಲು ತೆಗೆದರೆ ನಮ್ಮ ಮನೆ ಬಾಗಿಲೂ ತೆಗೆಯಿತು ಅಂತಲೇ ಲೆಕ್ಕ. ವರ್ಷವಿಡೀ ಒಂದು ಫೋನ್ ಮಾಡದ ನೆಂಟರಿಗೂ ಆ ದಿನಗಳಲ್ಲಿ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. ನಮ್ಮಕ್ಕನನ್ನು ಈ ಪಟ್ಟಿಗೆ ಸೇರಿಸುತ್ತಿಲ್ಲ, ಅವಳು ಇದನ್ನು ಓದುತ್ತಾಳೆ. ಈ ಸಲ ಅಕ್ಕ, ಭಾವ, ಮಗಳು ಪುಟ್ಟಿ ಮೂವರೂ ಮೈಸೂರಿನಿಂದ ಬಂದರು. ದರ್ಶನ ಆಯಿತು. ಮರುದಿನ ಅಕ್ಕ ಭಾವ ಬೇಲೂರು, ಹಳೇಬೀಡು ಅಂತ ಹೊರಟರು. ಪುಟ್ಟಿ ಬರಲ್ಲ ಅಂದಳು. "ನೋಡಿರೋ ದೇವಸ್ಥಾನನೇ ಎಷ್ಟು ಸಲ ನೋಡೋದು?" ಅಂತ. ನೋಡಿರೋ ಸಿನಿಮಾ ಮಾತ್ರ ಎಷ್ಟು ಸಲ ಬೇಕಾದರೂ ನೋಡಬಹುದು.

ಅವಳಿಗೆ ಹ್ಯಾರಿ ಪಾಟರ್ ಹುಚ್ಚು. ಮಾಟಮಂತ್ರ ಕಲಿಸುವ ಶಾಲೆಗೆ ಸೇರುವ ತಬ್ಬಲಿ ಹುಡುಗ ಹ್ಯಾರಿಯ ಕಥೆ ಅದು. ಮೊದಲ ಪುಸ್ತಕ ಬಂದ 1997ರಲ್ಲಿ ಇವಳ ಅಮ್ಮನಿಗೇ ಇನ್ನೂ ಮದುವೆ ಆಗಿರಲಿಲ್ಲ. ಆದರೂ ಅದು ತನಗೋಸ್ಕರವೇ ಬರೆದದ್ದು ಅನ್ನುವ ಧೋರಣೆ. ಏಳೂ ಪುಸ್ತಕಗಳನ್ನು ಹಾಳೆ ಕಿತ್ತು ಬರುವಷ್ಟು ಓದಿದ್ದಾಳೆ. 2001ರಿಂದ 2011ರವರೆಗೆ ಬಂದ ಎಂಟು ಸಿನಿಮಾಗಳೂ ಬಾಯಿಪಾಠ. ನಾನು ಪುಸ್ತಕ ಒಂದನ್ನೂ ಓದಿಲ್ಲ. ಸಿನಿಮಾ ಅಷ್ಟೇ ಗೊತ್ತು. ಇದು ಅಪರಾಧ ಅಂತ ಆವತ್ತಿನವರೆಗೂ ಯಾರೂ ಹೇಳಿರಲಿಲ್ಲ.

ಶನಿವಾರ ರಾತ್ರಿ ಮೊದಲನೆಯದು ಹಾಕಿದೆವು. ಸ್ವಲ್ಪ ಹೊತ್ತಿಗೇ ಸಿನಿಮಾ ನಿಂತಿತು. ಕರೆಂಟ್ ಹೋಯಿತಾ ಅಂತ ಫ್ಯಾನ್ ನೋಡಿದೆ, ತಿರುಗುತ್ತಿತ್ತು. ರಿಮೋಟ್ ಪುಟ್ಟಿ ಕೈಯಲ್ಲಿತ್ತು.

"ಅವನ ಕಣ್ಣು ನೋಡು ಚಿಕ್ಕಮ್ಮ. ನೀಲಿ ಇದೆ. ಪುಸ್ತಕದಲ್ಲಿ ಹಸಿರು."

"ಇರಲಿ ಬಿಡೇ."

"ಇರಲಿ ಬಿಡೇ ಅಂತೀಯಲ್ಲ! ಅದು ಅವನ ಅಮ್ಮನ ಕಣ್ಣು. ಕೊನೇ ಪುಸ್ತಕದವರೆಗೂ ಎಲ್ಲರೂ ಅದನ್ನೇ ಹೇಳ್ತಾರೆ."

ಹ್ಯಾರಿಯ ಪಾತ್ರ ಮಾಡಿದ ಡೇನಿಯಲ್ ರ್ಯಾಡ್‌ಕ್ಲಿಫ್‌ಗೆ ಹಸಿರು ಲೆನ್ಸ್ ಹಾಕಿ ನೋಡಿದರಂತೆ, ಕಣ್ಣಿಗೆ ಆಗಿಬರಲಿಲ್ಲವಂತೆ, ಅದಕ್ಕೇ ಬಿಟ್ಟರಂತೆ. ಇದನ್ನು ಹೇಳಿದವಳೂ ಅವಳೇ. ಗೊತ್ತಿದ್ದೂ ಕ್ಷಮಿಸುವುದಿಲ್ಲ. ಪಾಪ, ಆ ಹುಡುಗನ ಕಣ್ಣು ಊದಿಕೊಂಡಿದ್ದರೂ ಚಿಂತೆಯಿರಲಿಲ್ಲ, ಹಸಿರಾಗಿ ಊದಿಕೊಳ್ಳಬೇಕಿತ್ತು.

ಆಮೇಲೆ ಪೀವ್ಸ್. ಪುಸ್ತಕದಲ್ಲಿ ಹಾಗ್ವಾರ್ಟ್ಸ್ ಶಾಲೆಯ ತುಂಬ ಹಾರಾಡುತ್ತಾ, ಎಲ್ಲರಿಗೂ ಕಾಟ ಕೊಡುತ್ತಾ, ಯಾರನ್ನೂ ನೆಮ್ಮದಿಯಿಂದ ಇರಲು ಬಿಡದ ಒಂದು ಪಿಶಾಚಿ ಇದೆಯಂತೆ. ರಿಕ್ ಮೇಯಲ್ ಅನ್ನುವ ನಟನನ್ನು ಕರೆಸಿ ಚಿತ್ರೀಕರಣವನ್ನೂ ಮಾಡಿ, ಕೊನೆಗೆ ಅಷ್ಟನ್ನೂ ಕತ್ತರಿಸಿ ಹಾಕಿದರಂತೆ. ಎಂಟು ಸಿನಿಮಾದಲ್ಲಿ ಒಂದರಲ್ಲೂ ಪೀವ್ಸ್ ಇಲ್ಲ. ಪುಟ್ಟಿಗೆ ಇದು ತುಂಬಲಾರದ ನಷ್ಟ. ನನಗೇನೂ ಕೊರತೆ ಅನ್ನಿಸಲಿಲ್ಲ. ಪೀವ್ಸ್ ನಮ್ಮ ಸೋಫಾದ ಮೇಲೇ ಕೂತಿತ್ತು, ರಿಮೋಟ್ ಹಿಡಿದುಕೊಂಡು.

ಭಾನುವಾರ ಮಧ್ಯಾಹ್ನ ಪುಟ್ಟಿ ನೇರ ನಾಲ್ಕನೆಯದಕ್ಕೆ ಹಾರಿದಳು. ಯಾಕೆ ಅಂದರೆ, ಅದನ್ನು ಕಂಡರೆ ಅವಳಿಗೆ ಸಿಟ್ಟು ಜಾಸ್ತಿ. ಇಷ್ಟದ ಸಿನಿಮಾ ಮತ್ತೆ ಮತ್ತೆ ನೋಡುವವರನ್ನು ಕಂಡಿದ್ದೇನೆ. ಮೈ ಉರಿಸುವ ಸಿನಿಮಾವನ್ನೇ ಆರಿಸಿಕೊಂಡು, ಕೋಡುಬಳೆ ಡಬ್ಬಿ ಮಡಿಲಲ್ಲಿ ಇಟ್ಟುಕೊಂಡು ಕೂರುವವರನ್ನು ನೋಡಿದ್ದು ಇದೇ ಮೊದಲು. ಈ ಸಲ ಅಮ್ಮನೂ ಬಂದು ಕೂತಳು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. "ನಾನು ಹೇಳ್ತಾ ಹೋಗ್ತೀನಿ ಅಜ್ಜಿ" ಅಂತ ಪುಟ್ಟಿ ಒಪ್ಪಿಕೊಂಡಳು. ಮನೆಯಲ್ಲಿ ಇಷ್ಟು ಒಳ್ಳೆಯ ಮೊಮ್ಮಗಳು ಇದ್ದಾಳಲ್ಲ ಅಂತ ನನಗೂ ಖುಷಿಯಾಯಿತು.

ಆದರೆ ಪುಟ್ಟಿ ಸಿನಿಮಾದ ಮಾತನ್ನು ಅಜ್ಜಿಗೆ ಹೇಳುತ್ತಿರಲಿಲ್ಲ. ಪುಸ್ತಕದ ಮಾತನ್ನು ಹೇಳುತ್ತಿದ್ದಳು! ಕಣ್ಣೆದುರು ಒಂದು ಕಥೆ, ಕಿವಿಗೆ ಇನ್ನೊಂದು ಕಥೆ. ಅಮ್ಮ ಮೊದಮೊದಲು ತನ್ನ ಕನ್ನಡಕವೇ ಸರಿ ಇಲ್ಲ ಅಂದುಕೊಂಡು ಸೆರಗಿನಲ್ಲಿ ಒರೆಸಿ ಒರೆಸಿ ಹಾಕಿಕೊಂಡಳು.

ನೀರಿನೊಳಗೆ ಉಸಿರಾಡುವಂತೆ ಮಾಡುವ ಒಂದು ಸೊಪ್ಪು ಬರುತ್ತದೆ. ಪುಸ್ತಕದಲ್ಲಿ ಅದನ್ನು ತಂದುಕೊಡುವುದು ಡಾಬಿ ಅನ್ನುವ ಕುಳ್ಳ ಜೀವಿ. ಸಿನಿಮಾದಲ್ಲಿ ಹ್ಯಾರಿಯ ಗೆಳೆಯ ನೆವಿಲ್. ಪುಟ್ಟಿ "ಈಗ ಡಾಬಿ ತಂದ್ಕೊಡ್ತಾನೆ ಅಜ್ಜಿ" ಅಂದಳು. ಅಮ್ಮ ಪರದೆ ಮೇಲಿನ ಉದ್ದನೆ ಹುಡುಗನನ್ನು ದಿಟ್ಟಿಸಿ ನೋಡಿದಳು. "ಇವನೇನೇ? ಅವನಿಗೆ ದೊಡ್ಡ ದೊಡ್ಡ ಕಿವಿ, ಸೊಂಟದಷ್ಟು ಎತ್ತರ ಅಂದಿದ್ದೆ. ಇವನು ನೋಡಿದರೆ ಲಕ್ಷಣವಾಗಿ ಇದಾನಲ್ಲೇ!"

ಇನ್ನು ಆ ಡಂಬಲ್‌ಡೋರ್ ಪ್ರಸಂಗ. (ಇದನ್ನು ಮಾತ್ರ ಪೂರ್ತಿ ಹೇಳಿಯೇ ತೀರುತ್ತೇನೆ.) ಶಾಲೆಯಲ್ಲಿ ಒಂದು ಭಾರೀ ಪಂದ್ಯ. ಬೆಂಕಿ ಉರಿಯುವ ಬಟ್ಟಲಿಗೆ ಹೆಸರು ಬರೆದು ಹಾಕಬೇಕು. ಹ್ಯಾರಿ ಹಾಕಿಲ್ಲ, ಆದರೂ ಅವನ ಹೆಸರು ಬರುತ್ತದೆ. ಆಗ ಹೆಡ್ ಮಾಸ್ತರು ಡಂಬಲ್‌ಡೋರ್ ಅವನನ್ನು ಕೇಳುತ್ತಾರೆ. ಪುಸ್ತಕದಲ್ಲಿ ಶಾಂತವಾಗಿ ಕೇಳುತ್ತಾರೆ. ಸಿನಿಮಾದಲ್ಲಿ ಆ ಪಾತ್ರ ಮಾಡಿದ ಮೈಕಲ್ ಗ್ಯಾಂಬನ್ ಗಡ್ಡ ಹಾರಿಸಿಕೊಂಡು ನುಗ್ಗಿ ಬಂದು, ಹುಡುಗನನ್ನು ಹಿಡಿದು, ಹಿಂದಕ್ಕೆ ತಳ್ಳಿಕೊಂಡು ಹೋಗಿ ಜೋರಾಗಿ ಕೇಳುತ್ತಾರೆ. ಈ ಒಂದು ಕ್ಷಣಕ್ಕಾಗಿ 2005ರಿಂದಲೂ ಜಗತ್ತಿನ ಓದುಗರು ಆ ಸಿನಿಮಾವನ್ನು ಆಡಿಕೊಂಡು ನಗುತ್ತಾ ಬಂದಿದ್ದಾರೆ. ನಮ್ಮ ಮನೆಯ ಶಾಖೆ ಭಾನುವಾರ ಉದ್ಘಾಟನೆಯಾಯಿತು.

"ಈಗ ಶಾಂತವಾಗಿ ಕೇಳ್ತಾರೆ ಅಜ್ಜಿ" ಅಂದಳು ಪುಟ್ಟಿ.

ಪರದೆಯ ಮೇಲೆ ಮುದುಕ ಹಾರಿ ಬಂದ. ಅಮ್ಮ ಬೆಚ್ಚಿಬಿದ್ದಳು. "ಅಯ್ಯೋ, ಮಗು ಬಿದ್ದುಹೋಗುತ್ತಲ್ಲೇ! ಇದಾ ಶಾಂತವಾಗಿ ಕೇಳೋದು?"

"ನೋಡಿದ್ಯಾ! ನೋಡಿದ್ಯಾ!" ಪುಟ್ಟಿಗೆ ಇದೇ ಬೇಕಿತ್ತು. ಹಿಂದಕ್ಕೆ ಹಾಕಿದಳು. ಮುದುಕ ಮತ್ತೆ ಹಾರಿ ಬಂದ. ಮತ್ತೆ ಹಿಂದಕ್ಕೆ. ಮತ್ತೆ ಹಾರಿ ಬಂದ. ಹೀಗೆ ಅವರು ಎಷ್ಟು ಸಲ ಓಡಿಬಂದರೋ, ನಿಜಕ್ಕೂ ಅವರ ಮೊಣಕಾಲು ಏನಾಗಬೇಕು ಅಂತ ನನಗೆ ಚಿಂತೆಯಾಯಿತು. "ಮುಂದೆ ಹಾಕೇ, ಡ್ರ್ಯಾಗನ್ ಬರಲಿ" ಅಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

"ಅಜ್ಜಿ, ನೀನು ಕೇಳು. ನೀನು ಹೆಡ್ ಮಾಸ್ತರಾಗಿದ್ರೆ ಹೇಗೆ ಕೇಳ್ತಿದ್ದೆ?"

ಅಮ್ಮ ಕಾಫಿ ಲೋಟ ಕೆಳಗಿಟ್ಟಳು. ಬೆನ್ನು ನೆಟ್ಟಗೆ ಮಾಡಿ ಕೂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ, ಆಹಾ, ಆ ದನಿ! ನಾವು ಚಿಕ್ಕವರಿದ್ದಾಗ ನಾಗಂದಿಗೆ ಮೇಲಿನ ಡಬ್ಬಿ ಅರ್ಧ ಖಾಲಿಯಾಗಿದ್ದರೆ ಬರುತ್ತಿದ್ದ ಮೆತ್ತನೆ ದನಿ. ಬೈಗುಳಕ್ಕೆ ಹೆದರದವರೂ ಆ ದನಿಗೆ ಹೆದರುತ್ತಿದ್ದರು.

"ಮಗಾ... ಏನೂ ಅನ್ನಲ್ಲ... ನಿಜ ಹೇಳು. ನೀನೇ ಹಾಕ್ಕೊಂಡಿದ್ದಾ?"

ದಿವಾನದ ಮೇಲೆ ಗೊರಕೆ ಹೊಡೆಯುತ್ತಿದ್ದ ನಮ್ಮ ಯಜಮಾನರು ದಡಕ್ಕನೆ ಎದ್ದು ಕೂತರು. "ಇಲ್ಲ ಅತ್ತೆ, ನಾನು ಎರಡೇ ತಿಂದಿದ್ದು. ಮಿಕ್ಕಿದ್ದೆಲ್ಲ ಪುಟ್ಟಿನೇ!"

ಪುಟ್ಟಿ ಗೆದ್ದಳು. ಶಾಂತವಾಗಿ ಕೇಳಿದರೆ ಎಷ್ಟು ಪರಿಣಾಮ ಅಂತ ಇನ್ನೇನು ಸಾಕ್ಷಿ ಬೇಕು? ಸಿನಿಮಾ ಅಲ್ಲಿಗೆ ನಿಂತೇ ಹೋಯಿತು. ಡ್ರ್ಯಾಗನ್ ಬರುವ ಹೊತ್ತಿಗೆ ದೇವರ ಮುಂದೆ ದೀಪ ಹಚ್ಚುವ ಹೊತ್ತಾಗಿತ್ತು. ಆ ಸಿನಿಮಾ ಇರುವುದು ಎರಡೂವರೆ ಗಂಟೆ ಚಿಲ್ಲರೆ. ಮಧ್ಯಾಹ್ನದ ಹುಳಿ ಅನ್ನ ಅರಗಿ ಮತ್ತೆ ಹಸಿವಾದರೂ ಅದು ಮುಗಿದಿರಲಿಲ್ಲ.

ನಾನು ಸುಮ್ನೆ ಬಿಡಲಿಲ್ಲ. "ಅಷ್ಟು ದಪ್ಪ ಪುಸ್ತಕ, ಎಲ್ಲಾನೂ ಹಾಕೋಕಾಗುತ್ತಾ? ಸಿನಿಮಾ ಮಾಡಿದೋನೂ ಮನುಷ್ಯ ತಾನೆ" ಅಂದೆ. ಪುಟ್ಟಿ ಬೆರಳು ಮಡಿಸತೊಡಗಿದಳು. ಏಳರಲ್ಲಿ ಎಲ್ಲಕ್ಕಿಂತ ದಪ್ಪ ಪುಸ್ತಕ ಐದನೆಯದು. ಅದರ ಸಿನಿಮಾ 138 ನಿಮಿಷ. ಅದಕ್ಕಿಂತ ಚಿಕ್ಕದು ಕೊನೆಯದೊಂದೇ. ಎರಡನೆಯ ಪುಸ್ತಕ ತೆಳ್ಳಗಿದೆ. ಅದರ ಸಿನಿಮಾ 161 ನಿಮಿಷ, ಎಂಟರಲ್ಲೇ ಉದ್ದ. "ಇದು ಯಾವ ಲೆಕ್ಕ ಹೇಳು ಚಿಕ್ಕಮ್ಮ?" ದಿನವಿಡೀ ಆಫೀಸಿನಲ್ಲಿ ಲೆಕ್ಕ ಬರೆಯುವ ನನಗೂ ಇದಕ್ಕೆ ಉತ್ತರ ಸಿಗಲಿಲ್ಲ.

ನನಗೆ ಮೂರನೆಯದು ಇಷ್ಟ. 2004ರಲ್ಲಿ ಅಲ್ಫಾನ್ಸೊ ಕ್ವಾರೋನ್ ಮಾಡಿದ್ದು. ಮೋಡ, ಮಳೆ, ಮಬ್ಬು, ಒಳ್ಳೇ ಜುಲೈ ತಿಂಗಳ ಸಕಲೇಶಪುರ. ಅದನ್ನಾದರೂ ಬಿಡುತ್ತಾಳಾ ಅಂದರೆ ಅದರಲ್ಲೂ ಒಂದು ತಕರಾರು. ಶಾಲೆಯಲ್ಲಿ ಯಾರು ಎಲ್ಲಿ ಓಡಾಡುತ್ತಿದ್ದಾರೆ ಅಂತ ತೋರಿಸುವ ನಕ್ಷೆಯನ್ನು ಮಾಡಿದವರು ಯಾರು ಅಂತ ಸಿನಿಮಾ ಹೇಳುವುದೇ ಇಲ್ಲವಂತೆ.

"ದಾರಿ ತೋರಿಸಿತಲ್ಲ, ಮುಗೀತು. ಗೂಗಲ್ ಮ್ಯಾಪ್ ಮಾಡಿದೋರ ಹೆಸರು ನಿಂಗೊತ್ತಾ?"

"ಅದನ್ನ ಮಾಡಿದ ನಾಲ್ಕು ಜನರಲ್ಲಿ ಒಬ್ಬರು ಹ್ಯಾರಿಯ ಅಪ್ಪ, ಚಿಕ್ಕಮ್ಮ."

ಹೌದಾ? ಸತ್ತುಹೋದ ಅಪ್ಪ ಮಾಡಿದ ನಕ್ಷೆ ಮಗನ ಕೈಗೆ ಬರುತ್ತದೆ, ಅದನ್ನು ಹೇಳಬಾರದಾ? ಒಂದು ಮಾತು ಸಾಕಿತ್ತು. ನನಗೂ ಎಲ್ಲೋ ಸ್ವಲ್ಪ ಉರಿಯಿತು. ಆದರೆ ಪುಟ್ಟಿ ಎದುರು ತೋರಿಸಿಕೊಳ್ಳಲಿಲ್ಲ.

ಅಮ್ಮನನ್ನು ನನ್ನ ಕಡೆ ಎಳೆಯೋಣ ಅಂತ ನೋಡಿದೆ. "ನೀನೇ ಹೇಳಮ್ಮ, ಸಿನಿಮಾ ಅಂದಮೇಲೆ ಸ್ವಲ್ಪ ಬದಲಾಯಿಸಲ್ವಾ?"

"ಬದಲಾಯಿಸ್ತಾರೆ, ಬದಲಾಯಿಸ್ತಾರೆ. ನಾಗರಹಾವು ಬದಲಾಯಿಸಲಿಲ್ವಾ?"

ಹೋಯಿತು. ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲರು 1972ರಲ್ಲಿ ಒಂದು ಸಿನಿಮಾ ಮಾಡಿದರು. ನಾಡಿಗೆ ನಾಡೇ ನೋಡಿತು. ವಿಷ್ಣುವರ್ಧನ್ ಮನೆಮಾತಾದರು. ನನ್ನ ನಾಗರಹಾವನ್ನು ಕೇರೆಹಾವು ಮಾಡಿದರು ಅಂತ ತ.ರಾ.ಸು. ಬೇಸರಪಟ್ಟುಕೊಂಡರು ಅನ್ನುವ ಮಾತು ಇವತ್ತಿಗೂ ಓಡಾಡುತ್ತದೆ. ನಮ್ಮಮ್ಮ ಲೈಬ್ರರಿಯಿಂದ ಮೂರನ್ನೂ ತಂದು, ಸೌದೆ ಒಲೆ ಮುಂದೆ ಕೂತು ಓದಿದವಳು. ಇಷ್ಟು ವರ್ಷ ಒಳಗೆ ಇಟ್ಟುಕೊಂಡಿದ್ದ ತಕರಾರುಗಳೆಲ್ಲ ಒಂದೊಂದಾಗಿ ಹೊರಗೆ ಬಂದವು. ಪುಟ್ಟಿ ಬಾಯಿ ಬಿಟ್ಟುಕೊಂಡು ಕೇಳಿದಳು. "ಅಜ್ಜಿ, ನೀನೂ ಪುಸ್ತಕ ಪಾರ್ಟಿನಾ!" ಅಂತ ತಬ್ಬಿಕೊಂಡಳು. ನಾನು ಒಬ್ಬಳೇ ವಿರೋಧಪಕ್ಷ. ಯಜಮಾನರು ಮತ್ತೆ ಮಲಗಿದ್ದರು.

ಕೊನೆಯ ಸಿನಿಮಾದ ಕೊನೆಯ ಭಾಗವನ್ನಾದರೂ ತೋರಿಸು ಅಂತ ಅಮ್ಮ ಕೇಳಿದಳು. ಆ ಖಳ ಸಾಯುವುದನ್ನು ನೋಡಬೇಕಿತ್ತು ಅವಳಿಗೆ. "ಎಲ್ಲರ ಎದುರಿಗೆ, ದೊಡ್ಡ ಹಾಲ್‌ನಲ್ಲಿ, ಮಾಮೂಲಿ ಮನುಷ್ಯನ ಥರ ಧೊಪ್ಪನೆ ಬೀಳ್ತಾನೆ" ಅಂದಳು ಪುಟ್ಟಿ. ಪರದೆಯ ಮೇಲೆ ವಾಲ್ಡೆಮಾರ್ಟ್ ಚೂರುಚೂರಾಗಿ ಗಾಳಿಯಲ್ಲಿ ಹಾರಿಹೋದ. ಸುತ್ತ ಒಂದು ನರಪಿಳ್ಳೆ ಇಲ್ಲ. "ಎಲ್ಲೇ ಬಿದ್ದ? ಎಲ್ಲೇ ಜನ?" ಅಂತ ಅಮ್ಮ ಹುಡುಕಿದ್ದೇ ಹುಡುಕಿದ್ದು.

ರಾತ್ರಿ ಅಕ್ಕಿ ರೊಟ್ಟಿ ತಟ್ಟುವಾಗ ಪುಟ್ಟಿ ಕಟ್ಟೆ ಹತ್ತಿ ಕೂತಳು. ಸಿನಿಮಾ ನೋಡುವ ಮೊದಲು ನಿನ್ನ ತಲೆಯಲ್ಲಿ ಆ ಶಾಲೆ ಹೇಗಿತ್ತೇ ಅಂತ ಕೇಳಿದೆ.

"ಶೆಟ್ಟಿಹಳ್ಳಿ ಚರ್ಚ್ ಥರ" ಅಂದಳು. ಮೊದಲ ಪುಸ್ತಕ ಓದುತ್ತಿದ್ದಾಗ ಮಳೆಗಾಲದಲ್ಲಿ ಅವಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಅರ್ಧ ಮುಳುಗಿ, ಸೂರಿಲ್ಲದೆ ನಿಂತಿರುವ ಚರ್ಚು. ಅದಕ್ಕೆ ಮನಸ್ಸಿನಲ್ಲೇ ಸೂರು ಹಾಕಿ, ದೀಪ ಹಚ್ಚಿ, ಮಕ್ಕಳನ್ನು ತುಂಬಿದ್ದಳಂತೆ. ಶಾಲೆಗೆ ಹೋಗುವ ರೈಲು ಸಕಲೇಶಪುರದಿಂದ ಘಾಟಿ ಇಳಿದು ಸುಬ್ರಹ್ಮಣ್ಯ ರೋಡ್‌ಗೆ ಹೋಗುವ ನಮ್ಮ ರೈಲು. ಸುರಂಗಗಳೂ ಅವೇ.

"ಹ್ಯಾರಿ ಹೇಗಿದ್ದ?"

ಸ್ವಲ್ಪ ಹೊತ್ತು ಯೋಚಿಸಿದಳು. "ಬೇರೆ ಥರ ಇದ್ದ. ನಮ್ಮ ಸ್ಕೂಲ್ ವ್ಯಾನಿನಲ್ಲಿ ಬರ್ತಿದ್ದ ಒಬ್ಬನ ಥರ. ಈಗ ಎಷ್ಟು ನೆನಪು ಮಾಡ್ಕೊಂಡ್ರೂ ಸಿನಿಮಾದವನೇ ಬರ್ತಾನೆ."

ರೊಟ್ಟಿ ಒಂದು ಕಡೆ ಸೀದಿತು. ತೇಜಸ್ವಿಯವರ ಕರ್ವಾಲೊ ಓದಿದಾಗಿನಿಂದ ನನ್ನ ತಲೆಯಲ್ಲೂ ಒಬ್ಬ ಮಂದಣ್ಣ ಇದ್ದಾನೆ. ಅವನಿಗೆ ನಮ್ಮ ಊರಿಗೆ ಜೇನು ಮಾರಲು ಬರುತ್ತಿದ್ದವನ ಮುಖ. ಅವನನ್ನು ಎಬ್ಬಿಸಿ ಕಳಿಸಿ ಆ ಜಾಗದಲ್ಲಿ ಯಾರೋ ಹೀರೋನನ್ನು ಕೂರಿಸಿದರೆ ನಾನೂ ರಿಮೋಟ್ ಕಿತ್ತುಕೊಳ್ಳುತ್ತೇನೋ ಏನೋ.

ಕರುಣೆ ಬಂದದ್ದು ಅಷ್ಟು ಹೊತ್ತು ಮಾತ್ರ. ಯಾಕೆಂದರೆ ಊಟಕ್ಕೆ ಕೂತ ತಕ್ಷಣ ಪುಟ್ಟಿ ಹೊಸ ಸುದ್ದಿ ಹೇಳಿದಳು. ಈ ಪುಸ್ತಕಗಳನ್ನೆಲ್ಲ ಈಗ ಟಿ.ವಿ. ಸರಣಿ ಮಾಡುತ್ತಾರಂತೆ. 2023ರಲ್ಲೇ ಘೋಷಣೆ ಆಗಿದೆ. ಪುಸ್ತಕದಲ್ಲಿ ಇದ್ದ ಹಾಗೇ ಮಾಡುತ್ತೇವೆ, ಹತ್ತು ವರ್ಷ ನಡೆಸುತ್ತೇವೆ ಅಂದಿದ್ದಾರಂತೆ. ಹತ್ತು ವರ್ಷ! ಅವಳು ನಿಲ್ಲಿಸಿ ನಿಲ್ಲಿಸಿ ತೋರಿಸುವ ಲೆಕ್ಕದಲ್ಲಿ ನನ್ನ ರಿಟೈರ್‌ಮೆಂಟ್ ಮುಗಿದರೂ ಇದು ಮುಗಿಯುವುದಿಲ್ಲ.

ಅಮ್ಮನಿಗೆ ಮಾತ್ರ ಭಾರೀ ಉತ್ಸಾಹ. ಪುಟ್ಟಿ ಹೇಳಿದ ಕಥೆ ಕೇಳಿದಾಗಿನಿಂದ ಅವಳಿಗೆ ಒಂದೇ ಕೊರಗು. ತಬ್ಬಲಿ ಹುಡುಗನನ್ನು ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಮಲಗಿಸುತ್ತಾಳಲ್ಲ, ಆ ಪೆಟ್ಯೂನಿಯಾ, ಅವಳು ಹುಡುಗನ ತಾಯಿಯ ಸ್ವಂತ ಅಕ್ಕ.

"ಅದರಲ್ಲಾದರೂ ಆ ದೊಡ್ಡಮ್ಮನ್ನ ಯಾರಾದರೂ ಕೂರಿಸಿಕೊಂಡು ಬುದ್ಧಿ ಹೇಳ್ತಾರೇನೇ? ತಂಗಿ ಮಗನ್ನ ಹಂಗಾ ನೋಡ್ಕೊಳ್ಳೋದು?"

"ಹಾಗೆ ಯಾರೂ ಸರಿಯಾಗಿ ಹೇಳಲ್ಲ ಅಜ್ಜಿ. ಪುಸ್ತಕದಲ್ಲಿ ಹಾಗಿಲ್ಲ."

"ಹಾಗಾದರೆ ಪುಸ್ತಕಾನೇ ಸರಿ ಇಲ್ಲ ಬಿಡು" ಅಂದಳು ಅಮ್ಮ, ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಾ.